ತೆಂಗಿನಕಾಯಿಗೆ ಗುಮ್ಮನ ಹೆಸರು: ಕಲ್ಪತರು ನಾಡಿನ ಮನೆಯಲ್ಲೊಂದು ಹ್ಯಾಲೋವೀನ್

ಅಕ್ಟೋಬರ್ ಬಂತು ಅಂದ್ರೆ ನನಗೆ ಒಂದೇ ಥರದ ಮೆಸೇಜ್‌ಗಳು ಬರೋಕೆ ಶುರುವಾಗುತ್ತೆ. "ಮನೇಲಿ ಹ್ಯಾಲೋವೀನ್ ಪಾರ್ಟಿ ಮಾಡೋಣ ಅಂತಿದೀವಿ. ಅಜ್ಜಿ ಬೇಡ ಅಂತಾರೆ. ಏನು ಹೇಳೋದು?" ಕಳಿಸೋರು ಹೆಚ್ಚಾಗಿ ನಮ್ಮ ಕಡೆಯವರೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ಬೆಂಗಳೂರಲ್ಲಿ ಕೆಲಸ, ರಜೆಗೆ ಊರಿನ ಟ್ರೈನ್, ಊರಲ್ಲಿ ತೆಂಗಿನ ತೋಟ.

ಅಜ್ಜಿಯರ ಮಾತು ಸಿಂಪಲ್: ಸತ್ತೋರ ಹೆಸರಲ್ಲಿ ಆಟ ಆಡಬಾರದು. ಮೊಮ್ಮಕ್ಕಳ ಮಾತೂ ಸಿಂಪಲ್: ಇದು ಬರೀ ಫನ್ ಅಜ್ಜಿ, ಇದರಲ್ಲಿ ಸತ್ತೋರು ಎಲ್ಲಿಂದ ಬಂದ್ರು? ಇತಿಹಾಸ ತೆಗೆದು ನೋಡಿದ್ರೆ ಹ್ಯಾಲೋವೀನ್ ಬಗ್ಗೆ ಜಾಸ್ತಿ ಗೊತ್ತಿರೋದು ಅಜ್ಜಿಗೇ ಅಂತ ನನಗನ್ನಿಸುತ್ತೆ. ಹೇಗೆ ಅಂತ ಇವತ್ತು ನೋಡೋಣ. ಕೊನೆಗೆ ಪಾರ್ಟಿ ಹೇಗೆ ಮಾಡೋದು ಅಂತಲೂ ಹೇಳ್ತೀನಿ, ಪೂರ್ತಿ ಕೇಳಿ.

ಗಡ್ಡೆಯಿಂದ ಕುಂಬಳಕ್ಕೆ

ಹ್ಯಾಲೋವೀನ್ ಅಮೆರಿಕದ್ದು ಅಂತ ನಾವು ಅಂದ್ಕೊಂಡಿದೀವಿ. ಅದರ ಬೇರು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಇದೆ. ಅಲ್ಲಿನ ಕೆಲ್ಟಿಕ್ ಜನಕ್ಕೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗೋ ಹೊತ್ತಿಗೆ ಒಂದು ಹಬ್ಬ ಇತ್ತು. ಅದರ ಹೆಸರಿನ ಉಚ್ಚಾರ ಹೆಚ್ಚುಕಮ್ಮಿ 'ಸಾವಿನ್'. ಹೌದು, ಕೇಳೋಕೆ ಕನ್ನಡದ ಸಾವಿನ ಥರಾನೇ ಇದೆ! ಸಂಬಂಧ ಏನೂ ಇಲ್ಲ, ಕಾಕತಾಳೀಯ ಅಷ್ಟೆ. ಅವರ ಮಾತಲ್ಲಿ ಅದಕ್ಕೆ ಬೇಸಿಗೆಯ ಕೊನೆ ಅನ್ನೋ ಅರ್ಥ ಹೇಳ್ತಾರೆ. ಆ ರಾತ್ರಿ ಸತ್ತವರ ಲೋಕಕ್ಕೂ ನಮ್ಮ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತೆ ಅನ್ನೋದು ನಂಬಿಕೆ.

ಆಮೇಲೆ ಚರ್ಚ್ ಬಂತು. 9ನೇ ಶತಮಾನದ ಹೊತ್ತಿಗೆ ನವೆಂಬರ್ 1 ಎಲ್ಲ ಸಂತರ ಹಬ್ಬ ಆಯ್ತು, ಮುಂದೆ ನವೆಂಬರ್ 2 ಎಲ್ಲ ಆತ್ಮಗಳ ದಿನ ಆಯ್ತು. ಸಂತರ ಹಬ್ಬದ ಹಿಂದಿನ ಸಂಜೆಯೇ ಹ್ಯಾಲೋವೀನ್. ಇಂಗ್ಲೆಂಡಿನಲ್ಲಿ ಆ ದಿನಗಳಲ್ಲಿ ಬಡವರು, ಮಕ್ಕಳು ಮನೆಮನೆಗೆ ಹೋಗಿ ಪುಟ್ಟ ರೊಟ್ಟಿಯಂಥ ತಿಂಡಿ ಇಸ್ಕೊಳ್ತಿದ್ರು. ಅದಕ್ಕೆ ಪ್ರತಿಯಾಗಿ ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥನೆ ಮಾಡ್ತಿದ್ರು. ಗಮನಿಸಿ: ಈಗ ಮಕ್ಕಳು ಚಾಕೊಲೇಟ್ ಕೇಳ್ಕೊಂಡು ಹೋಗ್ತಾರಲ್ಲ, ಅದರ ಹಿಂದೆ ಸತ್ತವರ ಹೆಸರಲ್ಲಿ ಅನ್ನ ಕೊಡೋ ಪದ್ಧತಿ ಇದೆ.

ದೀಪದ ಮುಖ ಇದೆಯಲ್ಲ, ಅದನ್ನ ಮೊದಲು ಕೆತ್ತುತ್ತಿದ್ದದ್ದು ಕುಂಬಳಕಾಯಿಯಲ್ಲಿ ಅಲ್ಲ, ಟರ್ನಿಪ್ ಅನ್ನೋ ಗಡ್ಡೆಯಲ್ಲಿ. ಐರ್ಲೆಂಡಿನ ಮ್ಯೂಸಿಯಂನಲ್ಲಿ ಹಳೇ ಗಡ್ಡೆ ದೀಪವೊಂದರ ಅಚ್ಚು ಇದೆ. ಫೋಟೊ ಹುಡುಕಿ ನೋಡಿ, ನಿದ್ದೆ ಬರಲ್ಲ. ಈಗಿನ ನಗುಮುಖದ ಕುಂಬಳ ಅದರ ಮುಂದೆ ಪಾಪದ್ದು.

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಭೀಕರ ಬರಗಾಲ ಬಂತು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟಕ್ಕಿಂತ ಹೆಚ್ಚು ಜನ ಊರು ಬಿಟ್ಟರು. ತುಂಬಾ ಜನ ಅಮೆರಿಕಕ್ಕೆ ಹೋದ್ರು. ಹಬ್ಬವೂ ಅವರ ಜೊತೆ ಹಡಗು ಹತ್ತಿತು. ಅಲ್ಲಿ ಗಡ್ಡೆಗಿಂತ ಕುಂಬಳಕಾಯಿ ಸುಲಭವಾಗಿ ಸಿಗ್ತಿತ್ತು, ದೊಡ್ಡದಿತ್ತು, ಕೆತ್ತೋಕೂ ಮೆತ್ತಗಿತ್ತು. ಊರು ಬಿಟ್ಟೋರು ಕೈಗೆ ಸಿಕ್ಕಿದ್ದರಲ್ಲಿ ಹಬ್ಬ ಮಾಡಿದ್ರು, ಅಷ್ಟೇ ಕಥೆ. ಮನೆಮನೆಗೆ ಹೋಗಿ ಸಿಹಿ ಕೇಳೋ ಆಟ ಅಮೆರಿಕದಲ್ಲಿ ಹಬ್ಬಿದ್ದು 1930ರ ದಶಕದಲ್ಲಿ. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದಾಗ ಅದು ಕುಗ್ಗಿತು, ಯುದ್ಧ ಮುಗಿದ ಮೇಲೆ ಜೋರಾಯ್ತು. ಆಮೇಲೆ ಕಂಪನಿಗಳು, ಸಿನಿಮಾ, ಈಗ ರೀಲ್ಸ್.

ಮೂರು ಕಣ್ಣು, ಎರಡು ಓದು

ಈಗ ನಮ್ಮ ತೋಟಕ್ಕೆ ಬರೋಣ. ನನಗೆ ಈ ಎಪಿಸೋಡ್ ಮಾಡಬೇಕು ಅನ್ನಿಸಿದ್ದೇ ಈ ವಿಷಯಕ್ಕೆ.

ಸುಲಿದ ಕಾಯಿ ಕೈಗೆ ತಗೊಂಡು ತಿರುಗಿಸಿ ನೋಡಿ. ಮೂರು ಕಣ್ಣು. ಎರಡು ಕಣ್ಣು, ಒಂದು ಬಾಯಿ ಅಂದ್ಕೊಂಡ್ರೆ ಅದೊಂದು ಮುಖ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಮೇಲೆ ಪೋರ್ಚುಗೀಸರಿಗೆ ನಮ್ಮ ಕರಾವಳಿಯ ತೆಂಗಿನ ಪರಿಚಯ ಚೆನ್ನಾಗಿಯೇ ಆಯ್ತು. ಅದಕ್ಕೂ ಮುಂಚೆ ಯುರೋಪಿನವರು ಇದನ್ನ ಇಂಡಿಯಾದ ಕಾಯಿ ಅಂತ ಕರೀತಿದ್ರು. ಪೋರ್ಚುಗೀಸರು ಇಟ್ಟ ಹೆಸರು 'ಕೋಕೊ'.

ಕೋಕೊ ಅಂದ್ರೆ ಏನು? ಪೋರ್ಚುಗಲ್, ಸ್ಪೇನ್ ಕಡೆ ಮಕ್ಕಳನ್ನ ಹೆದರಿಸೋಕೆ ಹೇಳೋ ದೆವ್ವ. ನಮ್ಮಲ್ಲಿ ಗುಮ್ಮ ಬಂದ ಅಂತೀವಲ್ಲ, ಅದೇ ಗುಮ್ಮ. 1563ರಲ್ಲಿ ಬಂದ ತನ್ನ ಇತಿಹಾಸ ಗ್ರಂಥದ ಸಂಪುಟದಲ್ಲಿ ಜೊವಾವ್ ದ ಬಾರೋಸ್ ಅನ್ನೋ ಪೋರ್ಚುಗೀಸ್ ಲೇಖಕ ಇದನ್ನ ವಿವರಿಸಿದ್ದಾನೆ: ಹೆಂಗಸರು ಮಕ್ಕಳನ್ನ ಹೆದರಿಸೋ ವಸ್ತುವಿನ ಹೆಸರನ್ನೇ ನಮ್ಮವರು ಈ ಕಾಯಿಗೆ ಇಟ್ಟರು ಅಂತ. ಅದೇ 1563ರಲ್ಲಿ ಗೋವಾದಲ್ಲಿ ಅಚ್ಚಾದ ಗಾರ್ಸಿಯಾ ದ ಒರ್ಟಾ ಅನ್ನೋ ವೈದ್ಯನ ಪುಸ್ತಕದಲ್ಲೂ ಆ ಮೂರು ತೂತು, ಮಂಗನಂಥ ಪ್ರಾಣಿಯ ಮುಖದ ಹೋಲಿಕೆ ಬರುತ್ತೆ. ಆ ಕಡೆ ಜನ ಕುಂಬಳಕಾಯಿಗೆ ಕಣ್ಣು ಬಾಯಿ ಕೆತ್ತಿ, ಒಳಗೆ ದೀಪ ಇಟ್ಟು, ಅದಕ್ಕೂ ಇದೇ ಹೆಸರಿಂದ ಕರೆಯೋ ರೂಢಿ ಇತ್ತು. ಆ ಹೆಸರೇ ಇಂಗ್ಲಿಷಿನ ಕೋಕೊನಟ್ ಆಯ್ತು. 1753ರಲ್ಲಿ ಲಿನೇಯಸ್ ಇಟ್ಟ ವೈಜ್ಞಾನಿಕ ಹೆಸರಿನಲ್ಲೂ ಗುಮ್ಮ ಕೂತಿದ್ದಾನೆ: ಕೋಕೋಸ್ ನ್ಯೂಸಿಫೆರಾ.

ಅಂದ್ರೆ ನಾವು ಅಟ್ಟದ ತುಂಬ ಗುಮ್ಮನ ತಲೆಗಳನ್ನ ಪೇರಿಸಿಟ್ಟುಕೊಂಡಿರೋ ಜನ!

ನಮ್ಮವರು ಅದೇ ಮೂರು ಕಣ್ಣು ನೋಡಿ ಹೆದರಲಿಲ್ಲ, ಮುಕ್ಕಣ್ಣ ಅಂದ್ರು. ಶಿವ ಅಂದ್ರು. ಕಳಸದ ಮೇಲೆ ಇಟ್ಟರು. ಹಾಗಂತ ನಮಗೆ ಗುಮ್ಮ ಗೊತ್ತಿರಲಿಲ್ಲ ಅಂತಲ್ಲ. ಗೋವಾದಲ್ಲಿ ಆ ಪುಸ್ತಕ ಅಚ್ಚಾದ ಕಾಲದವರೇ ಪುರಂದರದಾಸರು. ಅವರ ಕೀರ್ತನೆಯಲ್ಲಿ ಪುಟ್ಟ ಕೃಷ್ಣನೇ ಗುಮ್ಮನಿಗೆ ಹೆದರಿ ಅಮ್ಮನ ಹತ್ರ ಗೋಗರೀತಾನೆ. ಗುಮ್ಮ ಇಬ್ಬರಿಗೂ ಇದ್ದ. ತೆಂಗಿನಕಾಯಲ್ಲಿ ಅವನನ್ನ ಕಂಡಿದ್ದು ಮಾತ್ರ ಅವರು.

ಮುಖ ಇರೋ ಕುಂಬಳವೂ ನಮ್ಮಲ್ಲಿದೆ. ಹೊಸ ಕಟ್ಟಡದ ಮುಂದೆ ಮೀಸೆ, ಕೋರೆಹಲ್ಲು ಬರೆದ ಬೂದುಗುಂಬಳ ನೇತಾಕ್ತೀವಿ. ಆಯುಧ ಪೂಜೆಗೆ ಕುಂಬಳಕಾಯಿಗೆ ತೂತು ಮಾಡಿ ಕುಂಕುಮ, ಕಾಸು ಹಾಕಿ, ಮೇಲೆ ಕರ್ಪೂರ ಹಚ್ಚಿ, ದೃಷ್ಟಿ ತೆಗೆದು ರಸ್ತೆಗೆ ಒಡೀತೀವಿ. ಬೆಂಕಿ, ಕುಂಬಳ, ಕೆಟ್ಟದ್ದನ್ನ ಓಡಿಸೋದು, ಮೂರೂ ಇದೆ. ಯಾರೂ ಯಾರಿಂದಲೂ ಕಾಪಿ ಹೊಡೆದಿಲ್ಲ. ಭಯ ಇರೋ ಕಡೆ ಮನುಷ್ಯ ಹೀಗೇ ಏನೋ ಒಂದು ಮಾಡ್ಕೊಳ್ತಾನೆ.

1990ರ ದಶಕದ 'ನಾಳೆ ಬಾ' ನೆನಪಿಸ್ಕೊಳ್ಳಿ. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತೆ, ಬಾಗಿಲು ತೆಗೆದ್ರೆ ಸತ್ತೆವು ಅನ್ನೋ ಸುದ್ದಿ ಬೆಂಗಳೂರಿಂದ ಹಳ್ಳಿಗಳ ತನಕ ಹಬ್ಬಿ, ಜನ ಬಾಗಿಲ ಮೇಲೆ ನಾಳೆ ಬಾ ಅಂತ ಬರೆದರು. ದೆವ್ವ ದಿನಾ ಓದ್ಕೊಂಡು ದಿನಾ ವಾಪಸ್ ಹೋಗ್ಬೇಕು. 2018ರ ಹಿಂದಿ ಸಿನಿಮಾ ಸ್ತ್ರೀ ಈ ಐಡಿಯಾವನ್ನೇ ಇಟ್ಕೊಂಡು ದುಡ್ಡು ಮಾಡಿತು.

ಅಜ್ಜಿಯ ಹ್ಯಾಲೋವೀನ್

ಇಷ್ಟೆಲ್ಲ ಭಯದ ಕಥೆ ಆಯ್ತು. ಅಜ್ಜಿ ಹೇಳ್ತಿರೋದು ಭಯದ ವಿಷಯ ಅಲ್ಲ. ಅವರು ಹೇಳ್ತಿರೋದು ಎಡೆಯ ವಿಷಯ.

ಮಹಾಲಯ ಅಮಾವಾಸ್ಯೆ ಹೊತ್ತಿಗೆ ನಮ್ಮ ಕಡೆ ಪಕ್ಷ ಮಾಡ್ತಾರೆ, ಹಿರಿಯರ ಹಬ್ಬ. ಬಾಳೆ ಎಲೆ ಹಾಸಿ, ಹೊಸ ಬಟ್ಟೆ ಇಟ್ಟು, ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸ್ತಾರೆ. ಒಬ್ಬಟ್ಟು ಇಷ್ಟ ಇದ್ದೋರಿಗೆ ಒಬ್ಬಟ್ಟು, ಬಾಡು ತಿನ್ನೋ ಮನೆಯಲ್ಲಿ ಬಾಡು, ಕುಡೀತಿದ್ದೋರಿಗೆ ಒಂದು ಕ್ವಾರ್ಟರ್. ನಮ್ಮ ತಾತನ ಎಡೆಯಲ್ಲಿ ಒಂದು ಕಟ್ಟು ಬೀಡಿ, ನಶ್ಯದ ಡಬ್ಬಿ ಇರುತ್ತೆ. ಧೂಪ ಹಾಕಿ, ಬಾಗಿಲು ಎಳ್ಕೊಂಡು ಎಲ್ಲರೂ ಹೊರಗೆ ಕಾಯ್ತೀವಿ, ಅವರು ಬಂದು ಊಟ ಮಾಡ್ಲಿ ಅಂತ. ಆ ಐದು ನಿಮಿಷ ಮನೆಯ ಯಾವ ಮಗುವೂ ಗಲಾಟೆ ಮಾಡಲ್ಲ.

ಮೆಕ್ಸಿಕೋದವರು ನವೆಂಬರ್ 1, 2ಕ್ಕೆ ಹೀಗೇ ಮಾಡ್ತಾರೆ. ಫೋಟೊ, ಹೂವು, ಸತ್ತವರಿಗೆ ಇಷ್ಟದ ತಿಂಡಿ. 2008ರಲ್ಲಿ ಅದು ಯುನೆಸ್ಕೊ ಪಟ್ಟಿ ಸೇರಿತು. 2017ರ ಕೋಕೊ ಸಿನಿಮಾ ಅದರ ಮೇಲೇ ಬಂದಿದ್ದು. ಅದರಲ್ಲಿ ಬದುಕಿರೋರು ಯಾರೂ ನೆನೆಸ್ಕೊಳ್ಳದಿದ್ರೆ ಸತ್ತವರು ಆ ಲೋಕದಲ್ಲೂ ಅಳಿಸಿ ಹೋಗ್ತಾರೆ. ಸಿನಿಮಾ ನೋಡಿ ಅತ್ತವರು ನಮ್ಮಲ್ಲಿ ಎಷ್ಟು ಜನ ಪಕ್ಷಕ್ಕೆ ಊರಿಗೆ ಹೋಗ್ತೀವಿ?

ಇನ್ನೊಂದು ಮಾತು. ಐರ್ಲೆಂಡಿನ ಬರದ ಬಗ್ಗೆ ಹೇಳಿದೆ. ನಮ್ಮ ಮೈಸೂರು ಸಂಸ್ಥಾನದಲ್ಲೂ 1876ರಿಂದ 78ರವರೆಗೆ ಬರ ಬಿತ್ತು, ಧಾತು, ಈಶ್ವರ ಸಂವತ್ಸರಗಳ ಬರ. ಸಂಸ್ಥಾನದ ಐದರಲ್ಲಿ ಒಂದು ಪಾಲಿನಷ್ಟು ಜನ ಹೋದ್ರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷ. ಅವರಲ್ಲಿ ಎಷ್ಟೋ ಜನರ ತಿಥಿ ಯಾವತ್ತು ಅಂತ ಯಾರಿಗೂ ಗೊತ್ತಿರಲ್ಲ. ಮಹಾಲಯ ಅಮಾವಾಸ್ಯೆ ಇರೋದು ಅಂಥವರಿಗೂ ಸೇರಿಸಿ. ದಿನ ಗೊತ್ತಿಲ್ಲದೋರಿಗೆ, ಮಾಡೋರು ಯಾರೂ ಉಳಿದಿಲ್ಲದೋರಿಗೆ.

ಐರಿಷ್ ಜನ ಹಬ್ಬವನ್ನ ಹೊತ್ಕೊಂಡು ಹೋದ್ರು, ಆದ್ರೆ ದಾರಿಯಲ್ಲಿ ಸತ್ತವರ ಹೆಸರು ಉದುರಿ ಹೋಯ್ತು, ಆಟ ಮಾತ್ರ ಉಳಿಯಿತು. ನಮ್ಮಲ್ಲಿ ಎಡೆ ಇನ್ನೂ ಇದೆ. ಆದ್ರೆ ಮಕ್ಕಳೆಲ್ಲ ಬೆಂಗಳೂರಲ್ಲಿರೋ ಮನೆಗಳಲ್ಲಿ ಅಜ್ಜಿ ಒಬ್ಬರೇ ಎಲೆ ಹಾಕಿ, ಒಬ್ಬರೇ ಬಾಗಿಲು ಎಳ್ಕೊಂಡು ಜಗಲಿ ಮೇಲೆ ಕೂರ್ತಾರೆ. ಅವರ ಸಿಟ್ಟು ಹ್ಯಾಲೋವೀನ್ ಮೇಲಲ್ಲ ಅಂತ ನನ್ನ ಅಂದಾಜು. ಇದಕ್ಕೆ ಬಿಡುವಿದೆ, ಅದಕ್ಕೆ ಇರಲಿಲ್ಲವಾ ಅಂತ.

ಪಾರ್ಟಿ ಹೀಗೆ ಮಾಡಿ

ಹಾಗಾದ್ರೆ ಮಾಡಬಾರದಾ? ಮಾಡಿ. ಮೊದಲು ದಿನ ನೋಡ್ಕೊಳ್ಳಿ. 2024ರಲ್ಲಿ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಿದ್ದಿತ್ತು. ಅಂಥ ವರ್ಷ ಪಾರ್ಟಿಯನ್ನ ಆಚೀಚೆ ಹಾಕಿ. ಮರುದಿನ ರಾಜ್ಯೋತ್ಸವದ ರಜೆ ಹೇಗೂ ಇದೆ.

ಬಿ.ಕಾಂ. ಓದಿದವಳಾಗಿ ಹೇಳ್ತೀನಿ, ಪ್ಲಾಸ್ಟಿಕ್ ಅಸ್ಥಿಪಂಜರಕ್ಕೆ ದುಡ್ಡು ಹಾಕ್ಬೇಡಿ. ಒಂದು ರಾತ್ರಿಗೆ ಅಷ್ಟು ಖರ್ಚು ಯಾವ ಲೆಕ್ಕದಲ್ಲೂ ಕೂರಲ್ಲ. ಅಡುಗೆಮನೆಯಲ್ಲಿ ಒಡೆದ ಕಾಯಿಯ ಚಿಪ್ಪು ಕೂಡಿಡಿ, ಕಣ್ಣಿರೋ ಹೋಳು. ಕೊಬ್ಬರಿ ಚಿಪ್ಪು ಇದಕ್ಕೆ ಆಗಲ್ಲ, ಉಂಡೆ ಮುರೀಬಾರದು ಅಂತ ಅದನ್ನ ಚೂರು ಚೂರಾಗಿ ಬಿಡಿಸಿರ್ತಾರೆ. ಮೂರು ಕಣ್ಣಲ್ಲಿ ಒಂದು ಮೆತ್ತಗಿರುತ್ತೆ, ಚುಚ್ಚಿದ್ರೆ ತೂತಾಗುತ್ತೆ. ಉಳಿದೆರಡಕ್ಕೆ ಡ್ರಿಲ್ ಬೇಕು. ಚಿಪ್ಪು ಬೋರಲು ಹಾಕಿ ಒಳಗೆ ಸಣ್ಣ ಎಲ್‌ಇಡಿ ಇಡಿ. ಸಾಲಾಗಿ ಹತ್ತು ಜೋಡಿಸಿ ಮನೆ ಲೈಟ್ ಆರಿಸಿ. 1563ರಲ್ಲಿ ಆತ ಬರೆದದ್ದು ಏನು ಅಂತ ಆಗ ಗೊತ್ತಾಗುತ್ತೆ.

ನಿಜವಾದ ಬೆಂಕಿ ಬೇಡ. ಇದು ಮಾತ್ರ ಸೀರಿಯಸ್ಸಾಗಿ ತಗೊಳ್ಳಿ. ನಮ್ಮ ಮನೆಗಳಲ್ಲಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳಿಂದ ಒಣಗ್ತಿರೋ ಕಾಯಿ ಇರುತ್ತೆ. ಎಣ್ಣೆ ತುಂಬಿದ ಕೊಬ್ಬರಿ, ಒಣ ಸಿಪ್ಪೆ, ಪಕ್ಕದಲ್ಲಿ ಗರಿ, ನಾರು. ಒಂದು ಕಿಡಿ ಸಾಕು, ವರ್ಷದ ಫಸಲು ಹೋಗುತ್ತೆ.

ವೇಷ ಏನು ಬೇಕಾದ್ರೂ ಹಾಕಿ, ಆದ್ರೆ ಸೋಮನ ಮುಖವಾಡ ಬೇಡ. ನಮ್ಮ ಸೀಮೆಯ ಸೋಮನ ಕುಣಿತದಲ್ಲಿ ಹೊರೋ ಆ ದೊಡ್ಡ ಕಣ್ಣಿನ ಮರದ ಮುಖ ನೋಡೋಕೆ ಭಯ ಹುಟ್ಟಿಸುತ್ತೆ ನಿಜ. ಅದು ಗ್ರಾಮದೇವತೆಯ ಜೊತೆ ಬರೋದು, ವ್ರತ ಹಿಡಿದು ಹೊರೋದು. ಹೆದರಿಸೋದೆಲ್ಲ ಫ್ಯಾನ್ಸಿ ಡ್ರೆಸ್ ಅಲ್ಲ. ಬಾಗಿಲಿಗೆ ನಾಳೆ ಬಾ ಬರೆದು ಅಂಟಿಸಿ, ಬಂದ ಫ್ರೆಂಡ್ಸ್ ಒಳಗೆ ಬರೋಕೆ ಏನು ಉಪಾಯ ಮಾಡ್ತಾರೆ ನೋಡಿ. ತಿನ್ನೋಕೆ ಕೊಬ್ಬರಿ ಮಿಠಾಯಿ, ಕಾಯಿ ಹೋಳಿಗೆ.

ಆಮೇಲೆ ಲೈಟ್ ಆರಿಸಿದ ಮೇಲೆ ಕಥೆ. ರೂಲ್ ಒಂದೇ: ಫೋನ್‌ನಲ್ಲಿ ಓದಿದ ದೆವ್ವದ ಕಥೆ ಆಗಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ತೀರಿಕೊಂಡ ಒಬ್ಬರ ಕಥೆ ತರಬೇಕು. ಅವರ ಹೆಸರು, ಏನು ತಿಂತಿದ್ರು, ಯಾವುದಕ್ಕೆ ಬೈತಿದ್ರು. ಇದಕ್ಕೆ ನೀವು ಮೊದಲೇ ಮನೆಗೆ ಫೋನ್ ಮಾಡಿ ಕೇಳ್ಬೇಕಾಗುತ್ತೆ. ಅಜ್ಜಿಯನ್ನೂ ಕೂರಿಸ್ಕೊಳ್ಳಿ. ನಿಮ್ಮ ಮುತ್ತಜ್ಜನ ಅಪ್ಪನ ಹೆಸರು ಆ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತಿರುತ್ತೆ. ಬರೆದಿಟ್ಟುಕೊಳ್ಳಿ, ಬರೋ ಪಕ್ಷಕ್ಕೆ ಬೇಕಾಗುತ್ತೆ.

ಇವತ್ತಿಗೆ ಇಷ್ಟು. ಚಿಪ್ಪಿನ ದೀಪ ಮಾಡಿದ್ರೆ ಫೋಟೊ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.