ಮುಳ್ಳು ಪೆಟ್ರೋಲ್ ನೋಡಲ್ಲ

1/6
ನಮ್ಮ ಮನೆ ಕಾರು ನನಗಿಂತ ಹತ್ತು ವರ್ಷ ದೊಡ್ಡದು. ನನಗೆ ಬುದ್ಧಿ ಬಂದಾಗಿನಿಂದ ಅದರ ಪೆಟ್ರೋಲ್ ಮುಳ್ಳು ‘ಇ’ ಕೆಳಗೇ ಮಲಗಿತ್ತು. ಫುಲ್ ಟ್ಯಾಂಕ್ ಹಾಕ್ಸಿದ್ರೂ ಅಷ್ಟೇ. ಅದಕ್ಕೇ ತಾತ ಒಂದು ಪುಸ್ತಕ ಇಟ್ಟಿದ್ರು: ತಾರೀಖು, ಲೀಟರ್, ಓಡಿದ ಕಿಲೋಮೀಟರ್. ಲೀಟರಿಗೆ 14 ಕಿ.ಮೀ. ಲೆಕ್ಕ.

ಹೋದ ವರ್ಷ ಒಂದು ರಾತ್ರಿ ಅಜ್ಜಿಗೆ ಉಸಿರು ಕಟ್ಟಿದ ಹಾಗಾಯ್ತು. ಅವಸರದಲ್ಲಿ ಅಪ್ಪ ಪುಸ್ತಕದ ಕೊನೇ ಸಾಲು ನೋಡಿದ್ರು, 9 ಲೀಟರ್ ಇರಬೇಕು ಅಂತಿತ್ತು. ಹಾಸನ ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಕಾರು ನಿಂತೋಯ್ತು. ಹಿಂದಿನ ದಿನ 112 ಕಿ.ಮೀ. ಓಡಿಸಿ ಪುಸ್ತಕದಲ್ಲಿ ಬರೆಯದೇ ಇದ್ದವನು ನಾನು. ಬಿಕಾಂ ಓದ್ತಿರೋನು!

ಹಾಲಿನ ಗಾಡಿಯವರು ಹತ್ತಿಸ್ಕೊಂಡ್ರು. ಅಜ್ಜಿ ಈಗ ಆರಾಮಾಗಿದ್ದಾರೆ. ಆದ್ರೆ ಆ ಮುಳ್ಳು ನನ್ನ ತಲೆಯಿಂದ ಇಳೀಲಿಲ್ಲ.

2/6
ಮೊದಲು ಮುಳ್ಳೇ ಇರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಕತೆ ಕೇಳಿ. ಬಹುತೇಕ ಗಾಡಿಗಳಲ್ಲಿ ಟ್ಯಾಂಕ್ ಮುಂದಿನ ಸೀಟಿನ ಕೆಳಗೆ. ಪೆಟ್ರೋಲ್ ಎಷ್ಟಿದೆ ಅಂತ ಗೊತ್ತಾಗಬೇಕಾದ್ರೆ ಇಳಿದು, ಸೀಟು ಎತ್ತಿ, ಮುಚ್ಚಳ ಬಿಚ್ಚಿ, ಒಂದು ಕೋಲು ಅದ್ದಿ ನೋಡಬೇಕಿತ್ತು. ಪೆಟ್ರೋಲ್ ಪಂಪೂ ಇರಲಿಲ್ಲ, ಅದು ತಾನಾಗೇ ಇಳಿದು ಎಂಜಿನ್‌ಗೆ ಹೋಗಬೇಕು. ಟ್ಯಾಂಕ್ ತಳ ಕಾಣೋ ಹೊತ್ತಲ್ಲಿ ಕಡಿದಾದ ಏರು ಬಂದ್ರೆ, ಜನ ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸ್ತಿದ್ರು!

3/6
ಆಮೇಲಿನ ಉಪಾಯ ನಿಮ್ಮ ಅಪ್ಪಂದಿರಿಗೆ ಚೆನ್ನಾಗಿ ಗೊತ್ತು: ರಿಸರ್ವ್. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಲ್ಲಿ 1960ರ ದಶಕದ ಆರಂಭದವರೆಗೂ ಪೆಟ್ರೋಲ್ ಗೇಜ್ ಇರಲಿಲ್ಲ. ಎಂಜಿನ್ ಮುಗ್ಗರಿಸಿದಾಗ ಕಾಲ ಹತ್ತಿರದ ಒಂದು ಲಿವರ್ ತಿರುಗಿಸಿದ್ರೆ ಉಳಿದ ಸ್ವಲ್ಪ ಪೆಟ್ರೋಲ್ ಇಳೀತಿತ್ತು. ನಮ್ಮ ಕಡೆ ಹಳೇ ಸ್ಕೂಟರ್‌ಗಳಲ್ಲೂ ಇದೇ ಕತೆ. ‘ರಿಸರ್ವ್‌ಗೆ ಬಂತು’ ಅನ್ನೋ ಮಾತು ಹುಟ್ಟಿದ್ದೇ ಆ ಕೀಲಿಯಿಂದ.

ಕಷ್ಟ ಏನಂದ್ರೆ, ಒಂದು ಸಲ ರಿಸರ್ವ್‌ಗೆ ಹಾಕಿ ಪೆಟ್ರೋಲ್ ತುಂಬಿಸಿದ ಮೇಲೆ ಕೀಲಿ ವಾಪಸ್ ತಿರುಗಿಸೋದು ಮರೆತ್ರೆ ಮುಂದಿನ ಸಲ ಎಚ್ಚರಿಕೆಯೇ ಇಲ್ಲ. ಅದೂ ನನ್ನ ಥರದವರ ತಪ್ಪೇ.

4/6
ಈಗ ಮುಳ್ಳಿನ ಸರದಿ. ಇದರ ಬೇರು ಕಾರಿಗಿಂತ ತುಂಬಾ ಹಳೇದು. ಸಮುದ್ರದ ಮಧ್ಯೆ ಹಡಗು ಎಲ್ಲಿದೆ ಅಂತ ಹೇಳೋ ವಿಧಾನ ಕಂಡುಹಿಡಿದವರಿಗೆ ಅಂತ ಬ್ರಿಟಿಷ್ ಸಂಸತ್ತು 1714ರಲ್ಲಿ 20,000 ಪೌಂಡ್‌ವರೆಗೆ ಬಹುಮಾನ ಇಟ್ಟಿತು. ಅದರ ಹಿಂದೆ ಬಿದ್ದವನು ಜಾನ್ ಹ್ಯಾರಿಸನ್, ಬಡಗಿಯ ಮಗ. ಬಿಸಿಲು, ಚಳಿಗೆ ಗಡಿಯಾರ ಹಿಂದೆ ಮುಂದೆ ಆಗ್ತಿತ್ತು. ಅದಕ್ಕೆ ಅವನು ಹಿತ್ತಾಳೆ, ಉಕ್ಕು ಎರಡರ ಪಟ್ಟಿಗಳನ್ನ ಜೋಡಿಸಿದ. ಬಿಸಿಯಾದ್ರೆ ಹಿತ್ತಾಳೆ ಹೆಚ್ಚು ಹಿಗ್ಗುತ್ತೆ, ಪಟ್ಟಿ ಬಾಗುತ್ತೆ. ಈ ಪಟ್ಟಿ ಇದ್ದ ಅವನ ಮೂರನೇ ಗಡಿಯಾರ ಮುಗಿಯೋಕೆ 19 ವರ್ಷ ಹಿಡೀತು, 1759ರವರೆಗೆ.

ಮನೆಯ ಐರನ್ ಬಾಕ್ಸ್ ತಾನಾಗೇ ಆಫ್ ಆಗೋದೂ ಇದೇ ತತ್ವದಿಂದ. ಎಷ್ಟೋ ಹಳೇ ಕಾರುಗಳ ಪೆಟ್ರೋಲ್ ಮುಳ್ಳನ್ನ ಎಳೆಯೋದೂ ಇಂಥದ್ದೇ ಪಟ್ಟಿ.

5/6
ಹೇಗೆ ಅಂದ್ರೆ: ಟ್ಯಾಂಕ್ ಒಳಗೆ ಒಂದು ಫ್ಲೋಟ್ ತೇಲುತ್ತೆ. ಅದರ ಕೈ ಒಂದು ರೆಸಿಸ್ಟೆನ್ಸ್ ತಂತಿ ಮೇಲೆ ಸರಿಯುತ್ತೆ. ಪೆಟ್ರೋಲ್ ಜಾಸ್ತಿ ಇದ್ರೆ ರೆಸಿಸ್ಟೆನ್ಸ್ ಕಮ್ಮಿ, ಕರೆಂಟ್ ಜಾಸ್ತಿ. ಆ ಕರೆಂಟಿಗೆ ಗೇಜ್ ಒಳಗಿನ ಪಟ್ಟಿ ಬಿಸಿಯಾಗಿ ಬಾಗಿ ಮುಳ್ಳು ಏರುತ್ತೆ. ಕೀ ಹಾಕಿದಾಗ ಮುಳ್ಳು ನಿಧಾನಕ್ಕೆ ಏಳೋದು ಅದಕ್ಕೇ. ಅಂದ್ರೆ ಮುಳ್ಳು ಪೆಟ್ರೋಲ್ ನೋಡೋದೇ ಇಲ್ಲ. ನಾಲ್ಕು ಕೈ ದಾಟಿ ಬಂದ ಸುದ್ದಿ ಹೇಳುತ್ತೆ, ಅಷ್ಟೇ.

ಒಬ್ಬ ಮೆಕ್ಯಾನಿಕ್ ‘ಮೀಟರ್ ಪೂರ್ತಿ ಚೇಂಜ್ ಮಾಡ್ಬೇಕು’ ಅಂದಿದ್ರು. ಬ್ಯಾಟರಿ ಅಂಗಡಿಯ ಎಲೆಕ್ಟ್ರಿಷಿಯನ್ ಅಣ್ಣ ಮೀಟರ್ ಮುಟ್ಟಲೇ ಇಲ್ಲ. ಹಿಂದಿನ ಸೀಟು ಎತ್ತಿ, ಕೀ ಆಫ್ ಇಟ್ಟೇ ಟ್ಯಾಂಕ್ ಯೂನಿಟ್ಟಿನ ವೈರ್ ಬಿಚ್ಚಿ ಬಾಡಿಗೆ ಸೇರಿಸಿದ್ರು. ಆಮೇಲೆ ಕೀ ಆನ್. ಪೆಟ್ರೋಲ್ ಆವಿ ಇರೋ ಜಾಗದಲ್ಲಿ ಕಿಡಿ ಹಾರಬಾರದು, ಅದಕ್ಕೇ ಆ ಕ್ರಮ. ಮುಳ್ಳು ಮೆಲ್ಲಗೆ ‘ಎಫ್’ಗೆ ಏರ್ತು! ತಕ್ಷಣ ಕೀ ಆಫ್ ಮಾಡಿದ್ರು.

‘ಮೀಟರ್ ಸರಿಯಿದೆ, ವೈರ್ ಸರಿಯಿದೆ. ತೊಂದ್ರೆ ಕೆಳಗಿದೆ ಕಣಪ್ಪ’ ಅಂದ್ರು. ನೋಡಿದ್ರೆ ಯೂನಿಟ್ಟಿನ ಅರ್ತಿಂಗ್ ವೈರ್ ಕೂರೋ ಜಾಗ ಪೂರ್ತಿ ತುಕ್ಕು. ಎಮರಿ ಪೇಪರ್‌ನಲ್ಲಿ ಉಜ್ಜಿ ಹೊಸ ಸ್ಕ್ರೂ ಹಾಕಿದ್ರು. ಟ್ಯಾಂಕ್ ಬಿಚ್ಚೋ ಕೆಲಸವೇ ಬರಲಿಲ್ಲ. ಇಷ್ಟು ವರ್ಷ ಬೈಸಿಕೊಂಡಿದ್ದು ಮುಳ್ಳು, ತಪ್ಪು ಸೀಟಿನ ಕೆಳಗೆ.

ಅವರು ಹೇಳಿದ ಇನ್ನೊಂದು ಮಾತು: ಪೆಟ್ರೋಲ್ ಗೇಜ್, ಟೆಂಪರೇಚರ್ ಗೇಜ್ ಎರಡೂ ಒಟ್ಟಿಗೆ ತಪ್ಪು ತೋರಿಸಿದ್ರೆ, ಮೊದಲು ಎರಡಕ್ಕೂ ಒಂದೇ ವೋಲ್ಟೇಜ್ ಕೊಡೋ ಸ್ಟೆಬಿಲೈಸರ್ ನೋಡಿ.

6/6
ಇವತ್ತಿನ ಸ್ಕ್ರೀನ್ ಇರೋ ಕಾರುಗಳಲ್ಲೂ ಸಾಮಾನ್ಯವಾಗಿ ಟ್ಯಾಂಕ್ ಒಳಗೆ ಫ್ಲೋಟ್ ಇದ್ದೇ ಇರುತ್ತೆ. ಕೋಲು, ಕೀಲಿ, ಮುಳ್ಳು, ಸ್ಕ್ರೀನ್ ಎಲ್ಲವೂ ಸುದ್ದಿ ತರೋರು ಮಾತ್ರ. ದಾರಿಯಲ್ಲಿ ಒಂದು ಕೊಂಡಿ ಕಳಚಿದ್ರೂ ಸುದ್ದಿ ಸುಳ್ಳು. ಆ ರಾತ್ರಿ ಕಳಚಿದ ಕೊಂಡಿ ನಾನು.

ಮುಳ್ಳು ಈಗ ಸರಿಯಾಗಿದೆ. ಆದ್ರೂ ತಾತ ಪುಸ್ತಕ ಬಿಟ್ಟಿಲ್ಲ. ಮೊನ್ನೆ ಅದನ್ನ ತೆಗೆದು, ಬಿಟ್ಟುಹೋಗಿದ್ದ ಆ 112 ಕಿ.ಮೀ. ಬರೆದೆ. ಪಕ್ಕದಲ್ಲಿ ನನ್ನ ಹೆಸರನ್ನೂ ಬರೆದೆ. ತಾತ ನೋಡಿ ಏನೂ ಅನ್ನಲಿಲ್ಲ. ಕಾರಿನ ಕೀ ನನ್ನ ಕೈಗೆ ಕೊಟ್ರು.

ನಿಮ್ಮ ಮನೆ ಹಳೇ ಗಾಡಿಯಲ್ಲಿ ಯಾವ ಮುಳ್ಳು ಸುಳ್ಳು ಹೇಳುತ್ತೆ? ಕಾಮೆಂಟ್ ಮಾಡಿ.

#ಹಳೇಕಾರು #ಇತಿಹಾಸ #ಕನ್ನಡದಲ್ಲಿಓದಿ