ಸಗಣಿಯಲ್ಲೇ ಬದುಕಿದರೂ ಮೈಗೆ ಕೊಳೆ ಅಂಟದು: ನೇಗಿಲಿಗೆ ದಾರಿ ತೋರಿದ ಜೀರುಂಡೆ

ಮಳೆ ಬಿದ್ದ ಎರೆಹೊಲದಲ್ಲಿ ನಾಲ್ಕು ಹೆಜ್ಜೆ ನಡೆದವರಿಗೆ ಚಪ್ಪಲಿ ಎಷ್ಟು ಭಾರವಾಗುತ್ತದೆ ಎಂಬುದು ಗೊತ್ತು. ಕುಂಟೆಗೂ ಟ್ರ್ಯಾಕ್ಟರ್ ನೇಗಿಲಿಗೂ ಇದೇ ಪಾಡು. ಮಣ್ಣು ಮೆತ್ತಿಕೊಂಡಷ್ಟೂ ಎಳೆತ ಜಾಸ್ತಿಯಾಗುತ್ತದೆ, ಡೀಸೆಲ್ ಹೆಚ್ಚು ಸುಡುತ್ತದೆ. ನಡುವೆ ನಿಲ್ಲಿಸಿ ಮಣ್ಣು ಕೆರೆದು ತೆಗೆಯುವುದು ಬೇರೆ.

ಅದೇ ಹೊಲದ ಸಗಣಿ ಜೀರುಂಡೆಯನ್ನು ನೋಡಿ. ಹಸಿ ಸಗಣಿಯಲ್ಲಿ ನುಸುಳಿ, ಒದ್ದೆ ಮಣ್ಣನ್ನು ಕೊರೆದು ಹೊರಬಂದರೂ ಅದರ ಬೆನ್ನಿಗೆ ಏನೂ ಅಂಟಿರುವುದಿಲ್ಲ. ಇದು ಹೇಗೆ ಸಾಧ್ಯ?

ಮಣ್ಣು ಅಂಟುವುದೇಕೆ?

ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ದಖನ್ ಲಾವಾ ಶಿಲೆ ಶಿಥಿಲವಾಗಿ ಹುಟ್ಟಿದ್ದು. (ಮುಂಬೈನ ಗ್ರಾಂಟ್ ರೋಡ್ ಕೆಳಗೆ ಮೆಟ್ರೋ 3ಕ್ಕಾಗಿ ಕೊರೆದದ್ದೂ ಇದೇ ಲಾವಾ ಕುಲದ ಬಂಡೆಯನ್ನು.) ಈ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಅದರ ಅತಿ ಸಣ್ಣ ಕಣಗಳು ನೀರು ಹೀರಿ ಉಬ್ಬುತ್ತವೆ. ಮಣ್ಣಿಗೂ ಕಬ್ಬಿಣಕ್ಕೂ ನಡುವೆ ತೆಳುವಾದ ನೀರಿನ ಪೊರೆ ಹರಡಿ ಎರಡನ್ನೂ ಕಚ್ಚಿ ಹಿಡಿಯುತ್ತದೆ. ಎರಡು ಒದ್ದೆ ಗಾಜಿನ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಹೀಗೆಯೇ.

ಉಬ್ಬು ತಗ್ಗಿನ ಗುಟ್ಟು

ಚೀನಾದ ಚಾಂಗ್‌ಚುನ್ ನಗರದ ಜಿಲಿನ್ ವಿಶ್ವವಿದ್ಯಾಲಯದ ರೆನ್ ಲುಚುವಾನ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಮಣ್ಣು ಅಗೆಯುವ ಕೀಟಗಳ ಮೈಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಬರಿಗಣ್ಣಿಗೆ ನುಣುಪಾಗಿ ಕಾಣುವ ಸಗಣಿ ಜೀರುಂಡೆಯ ತಲೆ ಮತ್ತು ಎದೆಯ ಕವಚದಲ್ಲಿ ಪುಟ್ಟ ಪುಟ್ಟ ಗುಬ್ಬಿಗಳೂ ಕುಳಿಗಳೂ ಇದ್ದವು. ಮಣ್ಣು ಈ ಗುಬ್ಬಿಗಳ ತುದಿಗಷ್ಟೇ ತಾಗುತ್ತದೆ. ನಡುವಿನ ತಗ್ಗುಗಳಲ್ಲಿ ಗಾಳಿ ಉಳಿಯುವುದರಿಂದ ನೀರಿನ ಪೊರೆ ಒಂದೇ ಸಮನೆ ಹರಡಲಾಗದೆ ತುಂಡಾಗುತ್ತದೆ. ಕವಚದ ಮೇಲಿನ ಮೇಣದಂಥ ಪದರವೂ ನೀರನ್ನು ದೂರವಿಡುತ್ತದೆ. ಕೆಸುವಿನ ಎಲೆಯ ಮೇಲೆ ಹನಿ ಉರುಳುವುದನ್ನು ಕಂಡವರಿಗೆ ಇದು ಅಷ್ಟೇನೂ ಹೊಸದಲ್ಲ.

ಇದೇ ಮಾದರಿಯಲ್ಲಿ ಸಂಶೋಧಕರು ಬುಲ್ಡೋಜರ್ ಫಲಕ ಹಾಗೂ ಮಣ್ಣು ಮಗುಚುವ ನೇಗಿಲಿನ ಮೇಲೆ ಗುಮ್ಮಟದಾಕಾರದ ಉಬ್ಬುಗಳನ್ನು ಕೂರಿಸಿ ಪರೀಕ್ಷಿಸಿದರು. ನುಣುಪು ಫಲಕಕ್ಕಿಂತ ಇವುಗಳಿಗೆ ಮಣ್ಣು ಕಡಿಮೆ ಅಂಟಿತು, ಎಳೆಯಲು ಬೇಕಾದ ಬಲವೂ ಇಳಿಯಿತು.

ಹಾಗೆಂದು ತುಕ್ಕು ಹಿಡಿದು ಒರಟಾದ ನೇಗಿಲೇ ವಾಸಿ ಎಂದುಕೊಳ್ಳಬೇಡಿ. ಅದರ ಚೂಪು ಸಂದುಗಳಲ್ಲಿ ಮಣ್ಣು ಸಿಕ್ಕಿಕೊಳ್ಳುತ್ತದೆ. ಗುಬ್ಬಿಯ ಎತ್ತರ, ಅಗಲ, ನಡುವಿನ ಅಂತರ ಎಲ್ಲವೂ ಆಯಾ ಮಣ್ಣಿಗೆ ಹೊಂದಬೇಕು. ತಗ್ಗು ಮಣ್ಣಿನಿಂದ ತುಂಬಿಹೋದರೆ ಅಲ್ಲಿಗೆ ಲಾಭ ಮುಗಿಯಿತು.

ನಿಜವಾದ ತೊಡಕು ಸವೆತ. ಕಲ್ಲು, ಮರಳು ಉಜ್ಜಿದಂತೆ ಉಬ್ಬುಗಳು ಸವೆಯುತ್ತವೆ. ಅಂಟದಂತೆ ಬಳಿಯುವ ಪ್ಲಾಸ್ಟಿಕ್ ಲೇಪನ ಉಕ್ಕಿಗಿಂತ ಬೇಗ ಕಿತ್ತುಹೋಗುತ್ತದೆ. ಜೀರುಂಡೆಗೂ ಇದು ತಪ್ಪಿದ್ದಲ್ಲ. ಅಗೆದು ಅಗೆದು ಅದರ ಮುಂಗಾಲಿನ ಹಲ್ಲುಗಳು ಮೊಂಡಾಗುತ್ತವೆ. ಕೀಟತಜ್ಞರು ಅದರ ವಯಸ್ಸನ್ನು ಅಂದಾಜಿಸುವುದು ಅದನ್ನು ನೋಡಿಯೇ.