ವೈದ್ಯನ ಸಾಕ್ಷ್ಯ, ಕೂಲಿಗಾರನ ಪರಿಹಾರ

ಕಾರ್ಖಾನೆಯಲ್ಲಿ ಕೈ ಮುರಿದರೆ ಅದರ ಕಾರಣ ಎಲ್ಲರ ಕಣ್ಣಿಗೂ ಕಾಣುತ್ತದೆ; ಎದೆಯೊಳಗಿನ ರಕ್ತನಾಳ ಒಡೆದರೆ ವೈದ್ಯನೇ ಹೇಳಬೇಕು. ಇಂಗ್ಲೆಂಡಿನಲ್ಲಿ 1897ರ ಕಾರ್ಮಿಕ ಪರಿಹಾರ ಶಾಸನವು ಬಂದ ಮೇಲೆ ಈ ಭೇದವೇ ಅನೇಕ ವ್ಯಾಜ್ಯಗಳಿಗೆ ಎಡೆಯಾಯಿತು. ಯಜಮಾನನ ತಪ್ಪನ್ನು ಸಾಧಿಸಬೇಕಾದ ಹಳೆಯ ಹೊರೆಯನ್ನು ಆ ಶಾಸನವು ಇಳಿಸಿತು. ಆದರೆ ಗಾಯವು ಆಕಸ್ಮಿಕದಿಂದ ಆಗಿರಬೇಕು, ಆ ಆಕಸ್ಮಿಕವು ಕೆಲಸದಿಂದಲೇ ಹುಟ್ಟಿ ಕೆಲಸದ ವೇಳೆಯಲ್ಲಿಯೇ ಒದಗಿರಬೇಕು ಎಂದು ವಿಧಿಸಿತು.

ಆಕಸ್ಮಿಕವೆಂದರೇನು? ಯಂತ್ರದ ಚಕ್ರವನ್ನು ಬಲವಾಗಿ ತಿರುಗಿಸುತ್ತಿದ್ದ ಒಬ್ಬನಿಗೆ ಅಂತ್ರವೃದ್ಧಿಯಾಯಿತು. ಅವನು ಜಾರಲಿಲ್ಲ, ಬೀಳಲಿಲ್ಲ. ಇದರಲ್ಲಿ ಆಕಸ್ಮಿಕವೆಲ್ಲಿ ಎಂದಿತು ಅಪೀಲು ನ್ಯಾಯಸ್ಥಾನ. 1903ರಲ್ಲಿ ಪ್ರಭುಸಭೆಯು, ನೆನೆಯದೆ ಬಂದ ಅನರ್ಥವೇ ಆಕಸ್ಮಿಕ, ಅದು ದೇಹದ ಒಳಗೆ ಆದರೂ ಸರಿಯೆ ಎಂದು ತೀರ್ಮಾನಿಸಿತು.

ಇದಕ್ಕಿಂತ ಕಠಿನವಾದ ಪ್ರಶ್ನೆ 1910ರ ಕ್ಲೋವರ್ ಕ್ಲೇಟನ್ ಕಂಪೆನಿಯ ಮೊಕದ್ದಮೆಯಲ್ಲಿ ಎದ್ದಿತು. ಸ್ಪ್ಯಾನರಿನಿಂದ ನಟ್ಟನ್ನು ಬಿಗಿಮಾಡುತ್ತಿದ್ದ ಕೆಲಸಗಾರನೊಬ್ಬನು ಬಿದ್ದು ಸತ್ತನು. ಶವಪರೀಕ್ಷೆಯಲ್ಲಿ, ಮಹಾಧಮನಿಯು ಬಹುವಾಗಿ ಊದಿ ಒಡೆದಿದ್ದುದು ಕಂಡಿತು. ಆ ಊತವು ನಿದ್ರೆಯಲ್ಲಿಯೂ ಒಡೆಯಬಹುದಾಗಿದ್ದಿತು, ಅತ್ಯಲ್ಪ ಶ್ರಮವೂ ಅದಕ್ಕೆ ಸಾಕಾಗಿದ್ದಿತು ಎಂಬುದು ಸಾಕ್ಷ್ಯ. ನಟ್ಟು ಬಿಗಿಮಾಡುವುದಾದರೋ ಅವನ ಸಾಧಾರಣವಾದ ಕೆಲಸ. ಹಾಗಾದರೆ ಕೊಂದುದು ರೋಗವೆ, ಕೆಲಸವೆ? ಇಂತಹ ಪ್ರಶ್ನೆ ಮೃತನನ್ನೇ ನಂಬಿದ್ದವರ ಪಾಲಿಗೆ ತರ್ಕವಿನೋದವಲ್ಲ. 1906ರ ಶಾಸನದಂತೆ ಅವರಿಗೆ ಅವನ ಮೂರು ವರ್ಷದ ಕೂಲಿ ಅಥವಾ 150 ಪೌಂಡು, ಇವುಗಳಲ್ಲಿ ಹೆಚ್ಚಿನದು, 300 ಪೌಂಡು ಮೀರದಂತೆ ಸಲ್ಲಬೇಕು. ಇಲ್ಲವೆ, ಏನೂ ಇಲ್ಲ.

ಪ್ರಭುಸಭೆಯಲ್ಲಿಯೂ ಒಮ್ಮತವಿರಲಿಲ್ಲ. ಆದರೆ ಲಾರ್ಡ್ ಲೋರ್‌ಬರ್ನ್ ಮೊದಲಾದ ಬಹುಮತದವರು ಪರಿಹಾರವನ್ನು ಎತ್ತಿಹಿಡಿದರು. ರೋಗವೊಂದೇ ಕೊಂದಿತೆ, ರೋಗವೂ ಕೆಲಸವೂ ಕೂಡಿ ಕೊಂದುವೆ ಎಂಬುದೇ ಅವರು ಕೇಳಿಕೊಂಡ ಪ್ರಶ್ನೆ. ವೈದ್ಯರ ಮಾತನ್ನು ಅವರು ಅಲ್ಲಗಳೆಯಲಿಲ್ಲವೆಂಬುದನ್ನು ನಾವು ಗಮನಿಸಬೇಕು. ವೈದ್ಯನು ರೋಗದ ಮೂಲವನ್ನು ಹುಡುಕುತ್ತಾನೆ. ಶಾಸನವು ಕೇಳಿದುದು, ಆ ಹೊತ್ತಿನ ಸಾವಿಗೆ ಕೆಲಸವೂ ಕಾರಣವಾಯಿತೆ ಎಂಬುದನ್ನು. ಗಟ್ಟಿಮುಟ್ಟಾದವರಿಗೆ ಮಾತ್ರ ಪರಿಹಾರವೆಂದು ಪಾರ್ಲಿಮೆಂಟು ಬರೆದಿರಲಿಲ್ಲವಷ್ಟೆ!

ಭಾರತದ 1923ರ ಶಾಸನವೂ ಈ ಇಂಗ್ಲಿಷ್ ಶಾಸನದ ಮಾತುಗಳನ್ನೇ ಎತ್ತಿಕೊಂಡಿತು. ಅದರ 30ನೆಯ ಕಲಮಿನಂತೆ, ಕಮಿಷನರ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಬೇಕಾದರೆ ಗಣ್ಯವಾದ ಕಾನೂನಿನ ಪ್ರಶ್ನೆಯಿರಬೇಕಾಗಿದ್ದಿತು. ಆದುದರಿಂದ ಯಾವ ವೈದ್ಯನನ್ನು ನಂಬಬೇಕೆಂಬ ವಿವಾದವು ಬಹುಮಟ್ಟಿಗೆ ಕಮಿಷನರ ಮುಂದೆಯೇ ಮುಗಿಯುತ್ತಿದ್ದಿತು. ಖರ್ಚಿಗೆ ಅಂಜುವ ಬಡವನಿಗೆ ಇದು ಅನುಕೂಲವೆ. ಆದರೆ ತನ್ನ ಪರವಾಗಿ ನುಡಿಯುವ ವೈದ್ಯನನ್ನು ಅವನು ಅಲ್ಲಿಗೇ ಕರೆತರಬೇಕಾಗಿದ್ದಿತು.